ಮ್ಯಾನೇಜರ್ ಇಲ್ಲದವರ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್

ನಮ್ಮ ಬೀದಿಯ ಟೈಲರ್ ಹತ್ತಿರ ಒಂದು ಉದ್ದನೆಯ ಪುಸ್ತಕ ಇದೆ. ಬಟ್ಟೆ ಕೊಟ್ಟ ತಕ್ಷಣ ಅದರಲ್ಲಿ ಹೆಸರು, ಅಳತೆ, ಕೊಡುವ ದಿನ, ಅಡ್ವಾನ್ಸ್, ಬಾಕಿ ಎಲ್ಲ ಬರೆದುಕೊಳ್ಳುತ್ತಾರೆ. ಬಟ್ಟೆಯ ಅಂಚಿನಿಂದ ಒಂದು ಚೂರು ಕತ್ತರಿಸಿ ಅದೇ ಪುಟಕ್ಕೆ ಪಿನ್ ಹಾಕುತ್ತಾರೆ. ಗೌರಿ ಹಬ್ಬಕ್ಕೆ ಹತ್ತು ದಿನ ಇರುವಾಗ ಹೋಗಿ ಬ್ಲೌಸ್ ಹೊಲಿದುಕೊಡಿ ಅಂದರೆ, ಪುಸ್ತಕದ ಕೊನೆಯ ನಾಲ್ಕು ಪುಟ ತಿರುವಿ ನೋಡಿ, "ಇಲ್ಲಮ್ಮ, ಹಬ್ಬ ಕಳೀಲಿ. ಈಗ ತಗೊಂಡ್ರೆ ನಿಮಗೂ ಬೇಜಾರು, ನನಗೂ ಬೇಜಾರು" ಎನ್ನುತ್ತಾರೆ.

ನಾನು ಮನೆಯಲ್ಲೇ ಕೂತು ಅನುವಾದ, ಸಬ್‌ಟೈಟಲ್ ಕೆಲಸ ಮಾಡುವವಳು. ಬಾಸ್ ಇಲ್ಲ, ಟೀಮ್ ಇಲ್ಲ. ಕೆಲಸ ಕೈಮೀರುತ್ತಿದೆ ಅನ್ನಿಸಿದಾಗೆಲ್ಲ ಕೆಲಸದ ಪಟ್ಟಿ ಇಡುವ ಹೊಸ ಆ್ಯಪ್ ಹಾಕಿಕೊಂಡೆ. ಪ್ರತಿ ಸಲವೂ ಮೊದಲ ವಾರ ಭಾರಿ ಉತ್ಸಾಹ. ಬಣ್ಣಬಣ್ಣದ ಲೇಬಲ್, ಗಿರಾಕಿಗೊಂದು ಬೋರ್ಡ್, ಬೋರ್ಡಿಗೊಂದು ಹಿನ್ನೆಲೆ ಚಿತ್ರ. ಮೂರನೇ ವಾರಕ್ಕೆ ಅದನ್ನು ತೆರೆಯುವುದೇ ನಿಂತುಹೋಗುತ್ತಿತ್ತು. ನನ್ನ ಸೋಮಾರಿತನ ಅಂತ ಎಷ್ಟೋ ದಿನ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಟೈಲರ್ ಪುಸ್ತಕಕ್ಕೆ ಕೇಳುವ ಪ್ರಶ್ನೆಗಳೇ ಬೇರೆ, ಆ ಆ್ಯಪ್‌ಗಳು ಉತ್ತರ ಕೊಡಲು ಹೊರಟ ಪ್ರಶ್ನೆಗಳೇ ಬೇರೆ.

ಈ ಆ್ಯಪ್‌ಗಳು ಎಲ್ಲಿ ಹುಟ್ಟಿದವು ಅಂತ ನೋಡಿದರೆ ಇದು ಗೊತ್ತಾಗುತ್ತದೆ. ಜಿರಾ ಬಂದದ್ದು 2002ರಲ್ಲಿ, ಸಾಫ್ಟ್‌ವೇರ್ ತಂಡಗಳು ಬಗ್‌ಗಳ, ಅಂದರೆ ಪ್ರೋಗ್ರಾಂನ ತಪ್ಪುಗಳ, ಲೆಕ್ಕ ಇಡುವುದಕ್ಕೆ. 2004ರ ಬೇಸ್‌ಕ್ಯಾಂಪನ್ನು ಒಂದು ವೆಬ್ ಡಿಸೈನ್ ಕಂಪನಿ ಮಾಡಿತು, ಗಿರಾಕಿಗಳ ಜೊತೆಗಿನ ಮಾತುಕತೆ ಒಂದೇ ಕಡೆ ಇರಲಿ ಅಂತ. ಅಸಾನಾ ಕಟ್ಟಿದ ಇಬ್ಬರು ಫೇಸ್‌ಬುಕ್‌ನಲ್ಲಿದ್ದವರು. ಅಲ್ಲಿ ಕೆಲಸಕ್ಕಿಂತ ಕೆಲಸದ ಬಗ್ಗೆ ಮಾತೇ ಜಾಸ್ತಿಯಾಗುತ್ತಿದ್ದುದನ್ನು ನೋಡಿ 2008ರಲ್ಲಿ ಹೊರಬಂದರು. ಇವೆಲ್ಲಕ್ಕೂ ತಲೆನೋವು ಒಂದೇ: ಯಾರು ಏನು ಮಾಡುತ್ತಿದ್ದಾರೆ ಅಂತ ಉಳಿದವರಿಗೆ ಗೊತ್ತಾಗುತ್ತಿಲ್ಲ. ಹಾಗಾಗಿಯೇ ಅವುಗಳಲ್ಲಿ ಅರ್ಧಕ್ಕರ್ಧ ಸೌಲಭ್ಯ ಬೇರೆಯವರಿಗೆ ಹೇಳುವುದಕ್ಕೆ ಇರುವಂಥದ್ದು. ಕೆಲಸ ವಹಿಸುವುದು, ಕಾಮೆಂಟ್, ಅನುಮತಿ, ಸ್ಟೇಟಸ್ ವರದಿ, ಡ್ಯಾಶ್‌ಬೋರ್ಡ್.

ಒಬ್ಬರೇ ಕೆಲಸ ಮಾಡುವವರಿಗೆ ಯಾರು ಏನು ಮಾಡುತ್ತಿದ್ದಾರೆ ಅನ್ನುವುದು ಪ್ರಶ್ನೆಯೇ ಅಲ್ಲ. ಎಲ್ಲ ನಾವೇ ಮಾಡುತ್ತಿದ್ದೇವೆ, ಅದೇ ಸಮಸ್ಯೆ. ನಮಗೆ ಬೇಕಾದದ್ದು ಇಷ್ಟು. ಯಾರಿಗೆ ಏನು ಮಾತು ಕೊಟ್ಟಿದ್ದೇನೆ? ಇವತ್ತು ಯಾವುದನ್ನು ಹಿಡಿಯಬೇಕು? ಯಾರಿಂದ ಏನು ಬರಬೇಕು? ಇನ್ನೊಂದು ಕೆಲಸ ಒಪ್ಪಿಕೊಳ್ಳಬಹುದಾ?

ಈ ನಾಲ್ಕರಲ್ಲಿ ಕೊನೆಯದೇ ಕಷ್ಟದ್ದು. ಟೈಲರ್ ನಾಲ್ಕು ಪುಟ ತಿರುವಿ ಉತ್ತರ ಕೊಟ್ಟದ್ದು ಅದಕ್ಕೇ.

ಮೂರು ಕೆಲಸ, ಹನ್ನೆರಡು ದಿನ

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ನಿಮ್ಮ ಹತ್ತಿರ ಮೂರು ಗಿರಾಕಿಗಳ ಮೂರು ಕೆಲಸ ಇವೆ. ಒಂದೊಂದಕ್ಕೂ ನಾಲ್ಕು ದಿನ ಬೇಕು. ಒಂದಾದ ಮೇಲೆ ಒಂದು ಮಾಡಿದರೆ ಮೊದಲನೆಯದು 4ನೇ ದಿನ ಮುಗಿಯುತ್ತದೆ, ಎರಡನೆಯದು 8ಕ್ಕೆ, ಮೂರನೆಯದು 12ಕ್ಕೆ. ಹಾಗಲ್ಲದೆ ಮೂವರನ್ನೂ ಸಮಾಧಾನ ಮಾಡೋಣ ಅಂತ ದಿನಕ್ಕೊಂದರಂತೆ ಸರದಿಯಲ್ಲಿ ಮಾಡಿದರೆ? 10, 11, 12. ಕೊನೆಯವರಿಗೆ ಏನೂ ಲಾಭ ಆಗಲಿಲ್ಲ, ಅವರಿಗೆ ಆಗಲೂ 12, ಈಗಲೂ 12. ಮೊದಲಿನವರು ಮಾತ್ರ ಸುಮ್ನೆ ಆರು ದಿನ ಜಾಸ್ತಿ ಕಾದರು. ನಿಮ್ಮ ಮೊದಲ ಬಿಲ್ಲೂ ಆರು ದಿನ ತಡವಾಗಿ ಹೋಯಿತು. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರುವಾಗ "ಎಲ್ಲಿದ್ದೆ?" ಅಂತ ಹುಡುಕುವ ಹೊತ್ತನ್ನು ನಾನು ಇದರಲ್ಲಿ ಸೇರಿಸಿಯೇ ಇಲ್ಲ.

ಟೀಮ್ ಆ್ಯಪ್‌ಗಳು ಈ ಲೆಕ್ಕವನ್ನು ಮುಚ್ಚಿಡುತ್ತವೆ. ಯಾವ ಕೆಲಸ ಯಾವ ದಿನದಿಂದ ಯಾವ ದಿನದವರೆಗೆ ಅಂತ ಉದ್ದ ಪಟ್ಟಿ ಎಳೆದು ತೋರಿಸುವ ಗ್ಯಾಂಟ್ ಚಾರ್ಟ್ ತೆರೆದರೆ ಮೂರು ಪಟ್ಟಿಗಳು ಒಂದರ ಕೆಳಗೊಂದು ಚೆಂದವಾಗಿ ಸಾಗುತ್ತಿರುತ್ತವೆ. ನೂರು ವರ್ಷದ ಹಿಂದೆ ಹೆನ್ರಿ ಗ್ಯಾಂಟ್ ಎಂಬ ಎಂಜಿನಿಯರ್ ಕಾರ್ಖಾನೆಗಳಿಗೆ ಬಳಕೆಗೆ ತಂದ ನಕ್ಷೆ ಅದು. ಅಲ್ಲಿ ಮೂರು ಪಟ್ಟಿಗೆ ಮೂರು ಮಷೀನೋ ಮೂರು ಗುಂಪೋ ಇರುತ್ತಿತ್ತು. ನಿಮ್ಮ ಮನೆಯಲ್ಲಿ ಮೂರಕ್ಕೂ ಸೇರಿ ಇರುವುದು ನೀವೊಬ್ಬರೇ.

ಕಾನ್ಬಾನ್ ಬೋರ್ಡಿನ ಕಥೆ ಇನ್ನೂ ತಮಾಷೆಯದು. "ಮಾಡಬೇಕು, ಮಾಡ್ತಿದ್ದೇನೆ, ಮುಗೀತು" ಅನ್ನುವ ಮೂರು ಕಾಲಂಗಳಲ್ಲಿ ಕಾರ್ಡು ಸರಿಸುವ ಪದ್ಧತಿಯನ್ನು 2011ರಲ್ಲಿ ಬಂದ ಟ್ರೆಲ್ಲೊ ಆ್ಯಪ್ ಮನೆಮನೆಗೆ ಮುಟ್ಟಿಸಿತು. ಅದರ ಬೇರು ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿದೆ. ಅಲ್ಲಿ ತೈಇಚಿ ಓನೊ ತಂದ ಕ್ರಮದಲ್ಲಿ ಕಾರ್ಡಿನ ಕೆಲಸ ನೆನಪಿಸುವುದಕ್ಕಿಂತ ಜಾಸ್ತಿ ತಡೆಯುವುದು. ಮುಂದಿನ ಹಂತದಿಂದ ಕಾರ್ಡು ಬರದೆ ಹಿಂದಿನ ಹಂತದವರು ಒಂದು ಭಾಗವನ್ನೂ ತಯಾರಿಸುವ ಹಾಗಿರಲಿಲ್ಲ. ನಾವು ಆ ಕಾಲಂಗಳನ್ನು ತಂದುಕೊಂಡೆವು, ತಡೆಯನ್ನು ಅಲ್ಲೇ ಬಿಟ್ಟೆವು. ನನ್ನ ಹಳೆಯ ಬೋರ್ಡಿನಲ್ಲಿ "ಮಾಡ್ತಿದ್ದೇನೆ" ಕಾಲಂನಲ್ಲಿ ಒಮ್ಮೆ 14 ಕಾರ್ಡು ಇದ್ದವು. ಅದನ್ನು ಬೋರ್ಡು ಅನ್ನುವುದಕ್ಕಿಂತ ಗೋಡೌನು ಅನ್ನಬೇಕು.

ಹಾಗಾಗಿ ಯಾವ ಬೋರ್ಡು ತೆಗೆದುಕೊಂಡರೂ ಪರವಾಗಿಲ್ಲ, ನಡುವಿನ ಕಾಲಂಗೆ ಒಂದು ಮಿತಿ ಹಾಕಿಕೊಳ್ಳಿ. ನನಗೆ ಎರಡು ಸರಿಹೋಗುತ್ತದೆ: ಒಂದು ದೊಡ್ಡದು, ಒಂದು ಸಣ್ಣದು. ಕೆಲವು ಆ್ಯಪ್‌ಗಳು ಮಿತಿ ದಾಟಿದರೆ ಕಾಲಂಗೆ ಬಣ್ಣ ಬಳಿದು ಎಚ್ಚರಿಸುತ್ತವೆ. ಇಲ್ಲದಿದ್ದರೆ ಕಾಲಂನ ಹೆಸರಲ್ಲೇ "ಎರಡೇ" ಅಂತ ಬರೆದರೂ ಆಯಿತು.

"ಮುಗೀತು" ಅಂದರೆ ಏನು?

ನನ್ನ ಕೈ ಸುಟ್ಟ ಕಥೆ ಹೇಳುತ್ತೇನೆ. ಮೂರು ವರ್ಷದ ಹಿಂದೆ ತೆರಿಗೆ ರಿಟರ್ನ್ ತುಂಬಲು ಕೂತಾಗ ಬ್ಯಾಂಕ್ ಖಾತೆಗೂ ನನ್ನ ನೆನಪಿಗೂ ತಾಳೆಯಾಗಲಿಲ್ಲ. ಹುಡುಕಿದರೆ, ಒಂದು ಸಂಸ್ಥೆಗೆ ಜೂನ್ ತಿಂಗಳಲ್ಲಿ ಮಾಡಿಕೊಟ್ಟ ಎರಡು ಕೆಲಸಕ್ಕೆ ಬಿಲ್ಲೇ ಕಳಿಸಿರಲಿಲ್ಲ. 22,000 ರೂಪಾಯಿ. ಫೈಲ್ ಕಳಿಸಿದ ದಿನವೇ ಕಾರ್ಡನ್ನು "ಮುಗೀತು" ಕಾಲಂಗೆ ಎಳೆದಿದ್ದೆ. ಆಗ ಬಳಸುತ್ತಿದ್ದ ಆ್ಯಪ್ ಕೆಲವು ದಿನ ಬಿಟ್ಟು ಅದನ್ನು ತಾನಾಗಿಯೇ ಕಣ್ಣಿಗೆ ಕಾಣದ ಹಾಗೆ ಒಳಗಿಟ್ಟಿತ್ತು. ಕೆಲಸ ಹೇಳಿದ್ದವರು ಅಷ್ಟರಲ್ಲಿ ಆ ಸಂಸ್ಥೆ ಬಿಟ್ಟಿದ್ದರು. ಹತ್ತು ಫೋನ್ ಮಾಡಿದ ಮೇಲೆ ಅರ್ಧ ದುಡ್ಡು ಬಂತು.

ಆ್ಯಪ್‌ನದೇನೂ ತಪ್ಪಿಲ್ಲ. ಸಂಬಳದವರಿಗೆ ಫೈಲ್ ಕೊಟ್ಟರೆ ಕೆಲಸ ಮುಗಿಯಿತು. ಬಿಲ್ಲು ಮಾಡುವುದು ಅಕೌಂಟ್ಸ್ ವಿಭಾಗದವರ ಪಾಡು. ನಮಗೆ ಆ ವಿಭಾಗವೂ ನಾವೇ. ಹಾಗಾಗಿ ಒಬ್ಬರೇ ದುಡಿಯುವವರ ಬೋರ್ಡಿನಲ್ಲಿ ಕೆಲಸ ಕೊಟ್ಟ ಮೇಲೂ ಮೂರು ನಿಲ್ದಾಣ ಇರಬೇಕು: ಗಿರಾಕಿ ನೋಡುತ್ತಿದ್ದಾರೆ, ಬಿಲ್ ಹೋಗಿದೆ, ದುಡ್ಡು ಬಂತು. ಕೊನೆಯದಕ್ಕೆ ಮುಟ್ಟುವ ತನಕ ಕಾರ್ಡು ಕಣ್ಣೆದುರೇ ಇರಬೇಕು.

ದುಡ್ಡು ಬಂತು ಅನ್ನುವುದರಲ್ಲೂ ಒಂದು ಸಿಕ್ಕು ಇದೆ. ಕಂಪನಿಗಳು ವೃತ್ತಿಪರರಿಗೆ ದುಡ್ಡು ಕೊಡುವಾಗ ಸಾಮಾನ್ಯವಾಗಿ ಶೇ. 10 ಟಿಡಿಎಸ್ (ಕೊಡುವಾಗಲೇ ಹಿಡಿಯುವ ತೆರಿಗೆ) ಮುರಿದುಕೊಳ್ಳುತ್ತವೆ. 60,000ದ ಬಿಲ್ಲಿಗೆ ಖಾತೆಗೆ ಬರುವುದು 54,000. ಉಳಿದದ್ದು ನಿಮ್ಮ ಪ್ಯಾನ್‌ಗೆ ಜಮೆ ಆಗಿದೆಯಾ ಅಂತ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನೀವೇ ನೋಡಿಕೊಳ್ಳಬೇಕು. ಅಮೆರಿಕದಲ್ಲೋ ಯುರೋಪಿನಲ್ಲೋ ಕೂತು ಮಾಡಿದ ಟಾಸ್ಕ್ ಆ್ಯಪ್‌ನಲ್ಲಿ ಇದಕ್ಕೆ ಜಾಗ ಎಲ್ಲಿರಬೇಕು? ಸಾದಾ ಗೂಗಲ್ ಶೀಟ್‌ನಲ್ಲಿ ಬಿಲ್, ಟಿಡಿಎಸ್, ಬಂದದ್ದು ಅಂತ ಮೂರು ಕಾಲಂ ಹಾಕಿದರೆ ಸಾಕು.

ಕೆಲಸ ಕೊಟ್ಟ ದಿನವನ್ನು ಬರೆದಿಡುವುದಕ್ಕೂ ಒಂದು ಕಾರಣ ಇದೆ, ಬಹಳ ಜನರಿಗೆ ಇದು ಗೊತ್ತಿಲ್ಲ. ಸರ್ಕಾರದ ಉದ್ಯಮ್ ನೋಂದಣಿ ಮಾಡಿಕೊಂಡ ಸಣ್ಣ ಉದ್ಯಮ ನಿಮ್ಮದಾದರೆ, 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಗಿರಾಕಿ ದುಡ್ಡು ಕೊಡಲು ತೆಗೆದುಕೊಳ್ಳುವ ಸಮಯ 45 ದಿನ ಮೀರುವ ಹಾಗಿಲ್ಲ. ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನವೇ. ಈ ಎಣಿಕೆ ಶುರುವಾಗುವುದು ಅವರು ನಿಮ್ಮ ಕೆಲಸ ಒಪ್ಪಿಕೊಂಡ ದಿನದಿಂದ. ಕೋರ್ಟು ಕಚೇರಿ ಅಂತ ಯಾರೂ ಹೋಗಲಾರರು ಬಿಡಿ, ಆದರೆ ನೆನಪಿನ ಇಮೇಲ್‌ನಲ್ಲಿ ತಾರೀಖು ಹಾಕಿ ಬರೆಯುವುದಕ್ಕೂ "ಸರ್, ಆ ಪೇಮೆಂಟ್ ಏನಾಯ್ತು" ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ.

ಕೆಲಸ ಎಲ್ಲಿಂದ ಬರುತ್ತದೆ?

ಆ್ಯಪ್ ಹೋಲಿಸುವ ವಿಡಿಯೊಗಳಲ್ಲಿ ಯಾರೂ ಹೇಳದ ಮಾತು ಒಂದಿದೆ. ನಮ್ಮಲ್ಲಿ ಕೆಲಸ ಬರುವುದೇ ವಾಟ್ಸ್‌ಆ್ಯಪ್‌ನಲ್ಲಿ. ಇಮೇಲ್‌ನಲ್ಲಿ ಫೈಲ್ ಬಂದರೂ "ಮೇಡಂ, ಆ ಮೂರನೇ ಪ್ಯಾರಾ ಸ್ವಲ್ಪ ಬದಲಾಯಿಸಿ" ಅನ್ನುವುದು ವಾಯ್ಸ್ ಮೆಸೇಜಿನಲ್ಲೇ. ಅದೂ ನೀವು ಗ್ಯಾಸ್ ಮೇಲೆ ಹಾಲಿಟ್ಟಾಗ. ಆ ಮೆಸೇಜಿನಿಂದ ನಿಮ್ಮ ಪಟ್ಟಿಗೆ ಬರುವ ದಾರಿ ಎಷ್ಟು ಚಿಕ್ಕದು ಅನ್ನುವುದು, ಆ್ಯಪ್‌ನಲ್ಲಿ ಎಷ್ಟು ಸೌಲಭ್ಯ ಇದೆ ಅನ್ನುವುದಕ್ಕಿಂತ ಮುಖ್ಯ. ಫೋನಿನಲ್ಲಿ ಮೂರು ಸಲ ಒತ್ತುವುದರೊಳಗೆ ಒಂದು ಸಾಲು ಬರೆದಿಡಲು ಆಗದ ಆ್ಯಪ್ ಎಷ್ಟೇ ಚೆಂದ ಇದ್ದರೂ ನಿಮಗೆ ಬೇಡ. ನೋಷನ್ ಅನ್ನುವ ಆ್ಯಪ್ ಬಿಟ್ಟದ್ದಕ್ಕೆ ನನ್ನ ಕಾರಣ ಇದೇ. ಅದರಲ್ಲಿ ಏನು ಬೇಕಾದರೂ ಕಟ್ಟಬಹುದು, ಅದೇ ಅದರ ಗುಣ, ಅದೇ ಅದರ ಕಾಟ. ನಾನು ಕಟ್ಟುತ್ತಲೇ ಇದ್ದೆ. ಕೆಲಸಕ್ಕೆ ಕೂರುವ ಬದಲು ಕೆಲಸದ ಪಟ್ಟಿಗೆ ಅಲಂಕಾರ ಮಾಡುವುದು ಎಷ್ಟು ಹಿತ ಅಂದರೆ, ಅದೂ ಕೆಲಸವೇ ಅನ್ನಿಸಿಬಿಡುತ್ತದೆ.

ಕನ್ನಡದಲ್ಲಿ ಬರೆದಿಡುವವರಿಗೆ ಇನ್ನೊಂದು ಪರೀಕ್ಷೆ. ಆ್ಯಪ್‌ನಲ್ಲಿ "ಮೈಸೂರಿನ ಆಲ್ಬಂ ಕಳಿಸಬೇಕು" ಅಂತ ಬರೆದು, ಆಮೇಲೆ "ಮೈಸೂರು" ಅಂತ ಹುಡುಕಿ. ಸಿಗುವುದಿಲ್ಲ. ನಮ್ಮ ಭಾಷೆಯಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ, ಹುಡುಕುವ ಯಂತ್ರಕ್ಕೆ ಅದು ಬೇರೆಯೇ ಪದ. "ಮೈಸೂರ" ಅಂತ ಅರ್ಧಕ್ಕೆ ನಿಲ್ಲಿಸಿ ಹುಡುಕಿದರೆ ಕೆಲವು ಆ್ಯಪ್‌ಗಳಲ್ಲಿ ಸಿಗುತ್ತದೆ, ಪೂರ್ತಿ ಪದವನ್ನೇ ಕೇಳುವ ಆ್ಯಪ್‌ಗಳಲ್ಲಿ ಸಿಗುವುದಿಲ್ಲ. ನಾನು ಗಿರಾಕಿಯ ಹೆಸರನ್ನು ಸಾಲಿನ ಮೊದಲಿಗೇ, ಪ್ರತ್ಯಯ ಇಲ್ಲದೆ, ಬೇರೆಯಾಗಿ ಬರೆಯುತ್ತೇನೆ. "ಮೈಸೂರು: ಆಲ್ಬಂ ಕಳಿಸು." ಅಲ್ಲಿಗೆ ಮುಗಿಯಿತು.

ವೃತ್ತಿ ನೋಡಿ ಆರಿಸಿ

"ಒಬ್ಬರಿಗೆ ಯಾವ ಆ್ಯಪ್ ಒಳ್ಳೆಯದು?" ಅಂತ ಕೇಳಿದರೆ ನಾನು ತಿರುಗಿಸಿ ಕೇಳುತ್ತೇನೆ, ನಿಮ್ಮ ಕೆಲಸ ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಮದುವೆ ಫೋಟೊ ತೆಗೆಯುವವರಿಗೆ ಎಲ್ಲ ತಾರೀಖಿನ ಮೇಲೆ. ಆಷಾಢ, ಧನುರ್ಮಾಸದಲ್ಲಿ ಬಿಡುವು. ಮುಹೂರ್ತ ಇರುವ ದಿನ ಮೂರು ಕಡೆಯಿಂದ ಫೋನು. ಅವರಿಗೆ ಕ್ಯಾಲೆಂಡರೇ ಟೂಲು. ಅವರು ಸಿಕ್ಕಿಕೊಳ್ಳುವುದು ಮದುವೆ ದಿನವಲ್ಲ, ಆಲ್ಬಂನಲ್ಲಿ. ಗಿರಾಕಿ ಫೋಟೊ ಆರಿಸಿ ಕೊಡುವುದಕ್ಕೆ ಆರು ತಿಂಗಳು ಮಾಡುತ್ತಾರೆ, ಆಮೇಲೆ "ಇನ್ನೂ ಕೊಟ್ಟಿಲ್ಲ" ಅಂತ ಇವರ ಮೇಲೆ ಸಿಟ್ಟು. ಅವರಿಗೆ "ಯಾರ ಕೈಯಲ್ಲಿದೆ" ಅನ್ನುವ ಒಂದು ಕಾಲಂ ಇದ್ದರೆ ಅರ್ಧ ಜಗಳ ತಪ್ಪುತ್ತದೆ.

ಕೋಡ್ ಬರೆಯುವವರಿಗೆ ಗಿಟ್‌ಹಬ್‌ನ ಇಶ್ಯೂ ಪಟ್ಟಿಯೇ ಸಾಕು, ಕೆಲಸವೂ ಅಲ್ಲೇ ಇದೆಯಲ್ಲ. ಮನೆಯಲ್ಲಿ ಕೇಕ್ ಮಾಡಿ ಮಾರುವವರಿಗೆ ಗೋಡೆಯ ಕ್ಯಾಲೆಂಡರು ಮತ್ತು ಆರ್ಡರ್ ಪುಸ್ತಕಕ್ಕಿಂತ ಒಳ್ಳೆಯ ಆ್ಯಪ್ ನಾನು ನೋಡಿಲ್ಲ. ಹಾಲಿನ ಲೆಕ್ಕ ಬರೆಯುವ ಅದೇ ಕ್ಯಾಲೆಂಡರು. ಕೈಗೆ ಮೈದಾ ಮೆತ್ತಿರುವಾಗ ಫೋನ್ ಅನ್‌ಲಾಕ್ ಮಾಡಲು ಹೋಗಬೇಡಿ.

ನನ್ನ ಅನುವಾದದ ಕೆಲಸಕ್ಕೆ ಪಟ್ಟಿ ಸಾಕು. ಆದರೆ 40 ಕಂತಿನ ಸರಣಿಗೆ ಸಬ್‌ಟೈಟಲ್ ಮಾಡುವಾಗ ಮಾತ್ರ ಬೋರ್ಡಿಗೆ ಓಡುತ್ತೇನೆ. ಪ್ರತಿ ಕಂತೂ ಸ್ಕ್ರಿಪ್ಟ್ ಬಂತು, ಅನುವಾದ, ಟೈಮಿಂಗ್, ತಿದ್ದುಪಡಿ ಅಂತ ಒಂದೇ ದಾರಿಯಲ್ಲಿ ನಡೆಯುತ್ತದೆ. 17ನೇ ಕಂತು ಎಲ್ಲಿ ನಿಂತಿದೆ ಅಂತ ಪಟ್ಟಿಯಲ್ಲಿ ಹುಡುಕುವುದು ಕಷ್ಟ, ಬೋರ್ಡಿನಲ್ಲಿ ಕಣ್ಣಿಗೇ ಬೀಳುತ್ತದೆ. ಒಂದೇ ಬಗೆಯ ತುಂಡುಗಳು ಬಹಳ ಇದ್ದಾಗ ಬೋರ್ಡು. ಬೇರೆ ಬೇರೆ ಬಗೆಯವು ನಾಲ್ಕೈದು ಇದ್ದಾಗ ಪಟ್ಟಿ. ಬೋರ್ಡು ತೆರೆಯುವ ಮೊದಲು ನಾನು ನೋಡಿಕೊಳ್ಳುವುದು ಇಷ್ಟೇ.

ದುಡ್ಡು, ಬೀಗ, ಬಾಗಿಲು

ಬೆಲೆಯ ವಿಚಾರಕ್ಕೆ ಬಂದರೆ, ಈ ಕಂಪನಿಗಳು ತಲೆಗಿಷ್ಟು ಅಂತ ದರ ಹಾಕುತ್ತವೆ. ಒಬ್ಬರೇ ಇದ್ದರೆ ಅಗ್ಗ ಅಲ್ವಾ ಅನ್ನಿಸುತ್ತದೆ. ಆದರೆ ಮಂಡೇ ಡಾಟ್ ಕಾಮ್‌ನಂಥ ಕಡೆ ದುಡ್ಡು ಕೊಡುವ ಪ್ಲ್ಯಾನ್ ಶುರುವಾಗುವುದೇ ಮೂರು ಸೀಟಿನಿಂದ. ಒಬ್ಬರು ಕೂತು ಮೂರು ಟಿಕೆಟ್ ತೆಗೆಸಿದ ಹಾಗೆ. ತಿಂಗಳಿಗೆ 10 ಡಾಲರ್ ಅಂದರೆ ಕಾಫಿಗೆ ಸಮ ಅನ್ನುವುದು ಅವರ ದೇಶದ ಮಾತು. ನಮಗೆ ವರ್ಷಕ್ಕೆ ಹತ್ತು ಸಾವಿರ ದಾಟುತ್ತದೆ, ಮೇಲೆ ಶೇ. 18 ಜಿಎಸ್‌ಟಿ, ಅದರ ಮೇಲೆ ಕಾರ್ಡಿನವರು ಡಾಲರ್ ಬದಲಾಯಿಸಿದ್ದಕ್ಕೆ ಮುರಿಯುವ ದುಡ್ಡು. ಇಷ್ಟಕ್ಕೂ ದುಡ್ಡು ಕೊಡಲು ತಯಾರಿದ್ದರೂ ಕೆಲವೊಮ್ಮೆ ಕಾರ್ಡು ಒಪ್ಪುವುದಿಲ್ಲ. ತಿಂಗಳು ತಿಂಗಳು ತಾನಾಗಿಯೇ ಕಡಿತವಾಗುವ ಪಾವತಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಮೊದಲ ಸಲ ಒಟಿಪಿ ಕೊಟ್ಟು ನೋಂದಾಯಿಸಬೇಕು, ಪ್ರತಿ ಸಲ ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕ್ ತಿಳಿಸಬೇಕು. ಗ್ರಾಹಕರಿಗೆ ಒಳ್ಳೆಯ ನಿಯಮವೇ. ಆದರೆ ಇದಕ್ಕೆ ಹೊಂದಿಕೊಳ್ಳದ ವಿದೇಶಿ ಆ್ಯಪ್‌ಗಳ ಪಾವತಿ ಸದ್ದಿಲ್ಲದೆ ನಿಂತುಹೋಗುತ್ತದೆ, ಡೆಡ್‌ಲೈನ್ ದಿನವೇ ನಿಮ್ಮ ಖಾತೆ ಉಚಿತ ಪ್ಲ್ಯಾನಿಗೆ ಇಳಿದಿರುತ್ತದೆ. ಅಂಥ ಕಡೆ ವರ್ಷಕ್ಕೊಮ್ಮೆ ಕಟ್ಟುವುದು ವಾಸಿ.

ಹಾಗಂತ ಉಚಿತದ್ದು ಉಳಿಯುತ್ತದೆ ಅಂತಲೂ ಅಲ್ಲ. ಬರ್ಲಿನ್‌ನವರು ಮಾಡಿದ ವಂಡರ್‌ಲಿಸ್ಟ್ ಎಂಬ ಸೊಗಸಾದ ಪಟ್ಟಿ ಆ್ಯಪ್ ಇತ್ತು. 2015ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು, 2020ರ ಮೇ 6ರಂದು ಮುಚ್ಚಿತು. ಅದನ್ನು ಕಟ್ಟಿದವರೇ 2019ರಲ್ಲಿ "ವಾಪಸ್ ಕೊಡಿ, ನಾನೇ ಕೊಂಡುಕೊಳ್ಳುತ್ತೇನೆ" ಅಂತ ಬಹಿರಂಗವಾಗಿ ಕೇಳಿದರೂ ಆಗಲಿಲ್ಲ. ಟಿಪ್ಪಣಿ ಬರೆದಿಡುವ ಎವರ್‌ನೋಟ್ ಆ್ಯಪ್ ಬೇರೆ ಕಂಪನಿಯ ಕೈಗೆ ಹೋದ ಮೇಲೆ 2023ರ ಡಿಸೆಂಬರ್‌ನಿಂದ ಉಚಿತ ಖಾತೆಗೆ 50 ನೋಟು, ಒಂದೇ ನೋಟ್‌ಬುಕ್ ಅಂತ ಮಿತಿ ಹಾಕಿತು. ಟ್ರೆಲ್ಲೊವನ್ನು ಜಿರಾ ಮಾಡಿದ ಅಟ್ಲಾಸಿಯನ್ ಕಂಪನಿ 2017ರಲ್ಲಿ 425 ಮಿಲಿಯನ್ ಡಾಲರಿಗೆ ಕೊಂಡಿತು. ಅಷ್ಟು ದುಡ್ಡು ಹಾಕಿದವರ ಕಣ್ಣು ದೊಡ್ಡ ಕಂಪನಿಗಳ ಮೇಲೇ ಇರುತ್ತದೆ, ಮನೆಯಲ್ಲಿ ಕೂತ ನನ್ನಂಥವಳ ಮೇಲಲ್ಲ. ಈಗ ಎಐ ಬಂದ ಮೇಲಂತೂ ಹೊಸ ಸೌಲಭ್ಯಗಳು ದುಬಾರಿ ಪ್ಲ್ಯಾನಿನಲ್ಲೇ ಬರುತ್ತಿವೆ. ಮೀಟಿಂಗಿನ ಸಾರಾಂಶ ಬರೆದುಕೊಡುತ್ತದಂತೆ. ಯಾವ ಮೀಟಿಂಗು?

ಆದ್ದರಿಂದ ಆ್ಯಪ್ ಹಾಕಿಕೊಂಡ ಮೊದಲ ದಿನವೇ ಹೊರಗೆ ಹೋಗುವ ಬಾಗಿಲು ಎಲ್ಲಿದೆ ಅಂತ ನೋಡಿ. ಹತ್ತು ಸುಳ್ಳು ಕೆಲಸ ಬರೆದು, ಎಕ್ಸ್‌ಪೋರ್ಟ್ ಒತ್ತಿ, ಬಂದ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ನೋಡಿ. ಟ್ರೆಲ್ಲೊದ ಉಚಿತ ಖಾತೆಯಿಂದ ಸಿಗುವುದು ಜೇಸನ್ ಫೈಲು, ಪ್ರೋಗ್ರಾಂ ಬರೆಯಲು ಬಾರದವರಿಗೆ ಅದು ಹೆಚ್ಚುಕಡಿಮೆ ಕಸ. ಎಕ್ಸೆಲ್‌ಗೆ ಒಗ್ಗುವ ಸಿಎಸ್‌ವಿ ಬೇಕಾದರೆ ದುಡ್ಡಿನ ಪ್ಲ್ಯಾನಿಗೆ ಹೋಗಬೇಕು. ಇದರ ಎದುರು ತುದಿಯಲ್ಲಿ ಅಬ್ಸಿಡಿಯನ್‌ನಂಥವು ಇವೆ. ಬರೆದದ್ದೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಸಾದಾ ಅಕ್ಷರದ ಫೈಲಾಗಿ ಇರುತ್ತದೆ, ನಾಳೆ ಕಂಪನಿ ಮುಚ್ಚಿದರೂ ನೋಟ್‌ಪ್ಯಾಡ್‌ನಲ್ಲಿ ತೆರೆಯಬಹುದು. 2025ರ ಫೆಬ್ರವರಿಯಿಂದ ವ್ಯಾಪಾರದ ಕೆಲಸಕ್ಕೂ ಅದು ಉಚಿತ. ಮೊದಮೊದಲು ಸ್ವಲ್ಪ ತಲೆ ತಿನ್ನುತ್ತದೆ.

ಏರೋಪ್ಲೇನ್ ಮೋಡ್ ಹಾಕಿಯೂ ಒಮ್ಮೆ ತೆರೆದು ನೋಡಿ. ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಊರಿಗೆ ಹೋದಾಗ ಕರೆಂಟು, ಟವರು ಎರಡೂ ಒಟ್ಟಿಗೇ ಹೋಗುತ್ತವೆ. ನೋಷನ್‌ನಂಥ ದೊಡ್ಡ ಆ್ಯಪ್‌ಗೇ ನೆಟ್ ಇಲ್ಲದೆ ಕೆಲಸ ಮಾಡುವ ಸೌಲಭ್ಯ ಬಂದದ್ದು 2025ರ ಆಗಸ್ಟ್‌ನಲ್ಲಿ.

ಸರಣಿಯ ಕೆಲಸ ಬಿಟ್ಟರೆ ಈಗ ನನ್ನ ಹತ್ತಿರ ಇರುವುದು ಫೋನಿನ ಕ್ಯಾಲೆಂಡರು, ಒಂದು ಗೂಗಲ್ ಶೀಟು, ಮೇಜಿನ ಮೇಲೊಂದು ನೋಟ್‌ಬುಕ್ಕು. ಶೀಟಿನಲ್ಲಿ ಒಂದು ಕೆಲಸಕ್ಕೆ ಒಂದು ಸಾಲು: ಗಿರಾಕಿ, ಕೆಲಸ, ಎಷ್ಟು ದಿನ ಹಿಡಿಯುತ್ತದೆ, ಯಾವಾಗ ಕೊಡಬೇಕು, ಈಗ ಯಾರ ಕೈಯಲ್ಲಿದೆ, ಯಾವಾಗ ಕೊಟ್ಟೆ, ಬಿಲ್, ಟಿಡಿಎಸ್, ಬಂದದ್ದು. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ನನಗೆ ನಾನೇ ಫಾರ್ವರ್ಡ್ ಮಾಡಿಕೊಂಡು ಸಂಜೆ ಶೀಟಿಗೆ ಹಾಕುತ್ತೇನೆ. ಬೆಳಿಗ್ಗೆ ಶೀಟು ನೋಡಿ ಆ ದಿನದ ಮೂರು ಕೆಲಸ ನೋಟ್‌ಬುಕ್ಕಿನಲ್ಲಿ ಬರೆದು ಶೀಟು ಮುಚ್ಚುತ್ತೇನೆ.

"ಎಷ್ಟು ದಿನ ಹಿಡಿಯುತ್ತದೆ" ಕಾಲಂನ ಕೆಳಗೆ ಒಟ್ಟು ಎಷ್ಟು ಅಂತ ತೋರಿಸುವ ಒಂದು ಚೌಕ ಇದೆ. ಹೊಸ ಕೆಲಸದ ಫೋನು ಬಂದರೆ ಮೊದಲು ನೋಡುವುದು ಅದನ್ನೇ. ಕಳೆದ ವಾರ ಅದರಲ್ಲಿ 19 ಇತ್ತು. ಫೋನ್ ಮಾಡಿದವರಿಗೆ ಇನ್ನು ಮೂರು ವಾರ ಆಗಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಮೇಡಂ, ಮೂರು ವಾರ ಬಿಟ್ಟೇ ಶುರು ಮಾಡಿ" ಅಂದರು.